ಚಿಪ್ ಇದೆ, ಡ್ರೈವರ್ ಇದೆ, ಸಾಧನ ಮಾತ್ರ ಸಿಗುತ್ತಿಲ್ಲ: ಡಿವೈಸ್ ಟ್ರೀ ವಿಳಾಸದ ದೋಷ ಹುಡುಕುವ ಬಗೆ

ಚಿಪ್ ಬೋರ್ಡಿನ ಮೇಲಿದೆ, ಡ್ರೈವರ್ ಲಿನಕ್ಸ್ ಕರ್ನಲ್‌ನಲ್ಲಿದೆ, ಯಾವ ಸಾಧನ ಎಲ್ಲಿದೆ ಎಂದು ಕರ್ನಲ್‌ಗೆ ಹೇಳುವ ಡಿವೈಸ್ ಟ್ರೀಯಲ್ಲಿ ಅದಕ್ಕೊಂದು ನೋಡ್ (ಆ ಸಾಧನದ ನಮೂದು) ಕೂಡ ಬರೆದಾಗಿದೆ. ಬೂಟ್ ಆದ ಮೇಲೆ ನೋಡಿದರೆ ಸಾಧನದ ಸುದ್ದಿಯೇ ಇಲ್ಲ. ಕೆಲವೊಮ್ಮೆ ಕರ್ನಲ್ ಲಾಗ್‌ನಲ್ಲಿ -121, -16, -22 ಎಂಬಂಥ ಒಂದು ಸಂಖ್ಯೆ ಸಿಗುತ್ತದೆ, ಕೆಲವೊಮ್ಮೆ ಅದೂ ಇಲ್ಲ. ಇಂಥ ಹೊತ್ತಿನಲ್ಲಿ ಡ್ರೈವರಿನ ಕೋಡ್ ತೆರೆಯುವ ಮೊದಲು ನಾನು ವಿಳಾಸವನ್ನು ಅನುಮಾನಿಸುತ್ತೇನೆ. ವಿಳಾಸ ತಪ್ಪಿದ್ದರೆ ಡ್ರೈವರನ್ನು ಎಷ್ಟು ಓದಿದರೂ ಏನೂ ಸಿಗುವುದಿಲ್ಲ.

ಉದಾಹರಣೆಗೆ ರಾಸ್‌ಬೆರಿ ಪೈ 4 ಬೋರ್ಡನ್ನು ಇಟ್ಟುಕೊಳ್ಳೋಣ. ಅದರ ಐ2ಸಿ ಬಸ್‌ಗೆ, ಅಂದರೆ ಹಲವು ಚಿಪ್‌ಗಳು ಹಂಚಿಕೊಳ್ಳುವ ಎರಡು ತಂತಿಗಳಿಗೆ, ಮೂರು ಮಾಡ್ಯೂಲ್ ಜೋಡಿಸಿದ್ದೇವೆ: ಡಿಎಸ್3231 ಗಡಿಯಾರ, ಎಂಪಿಯು6050 ಚಲನೆಯ ಸೆನ್ಸರ್, ಎಸ್‌ಎಸ್‌ಡಿ1306 ಪುಟ್ಟ ಡಿಸ್‌ಪ್ಲೇ. ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಾಗಲಿ ಆನ್‌ಲೈನ್‌ನಲ್ಲಾಗಲಿ ಸುಲಭವಾಗಿ ಸಿಗುವ ಈ ಮೂರೇ ಸಾಕು, ವಿಳಾಸದ ಬಹುತೇಕ ತೊಡಕುಗಳನ್ನು ತೋರಿಸಲು. ಆಜ್ಞೆಗಳನ್ನೂ ಫೈಲುಗಳ ಹೆಸರನ್ನೂ ಇಲ್ಲಿ ಕನ್ನಡ ಲಿಪಿಯಲ್ಲೇ ಬರೆದಿದ್ದೇನೆ. ಟರ್ಮಿನಲ್‌ನಲ್ಲಿ ಇಂಗ್ಲಿಷ್ ಅಕ್ಷರಗಳಲ್ಲಿ ಟೈಪ್ ಮಾಡಿ. ವಿಳಾಸಗಳೆಲ್ಲ ಹೆಕ್ಸ್‌ನಲ್ಲಿ, ಅಂದರೆ 16ರ ಲೆಕ್ಕದಲ್ಲಿವೆ.

ವಿಳಾಸ ಯಾವ ಬಸ್‌ನದು?

ಪಿಸಿಐ ಮತ್ತು ಯುಎಸ್‌ಬಿ ಸಾಧನಗಳು ಕೇಳಿದರೆ ತಮ್ಮ ಗುರುತು ತಾವೇ ಹೇಳುತ್ತವೆ. ಐ2ಸಿ, ಎಸ್‌ಪಿಐ ಚಿಪ್‌ಗಳಿಗೂ ಪ್ರೊಸೆಸರ್ ಒಳಗೇ ಕುಳಿತಿರುವ ಯುಆರ್ಟ್, ಟೈಮರ್‌ಗಳಿಗೂ ಆ ಸೌಲಭ್ಯವಿಲ್ಲ. ಯಾವುದು ಎಲ್ಲಿದೆ ಎಂದು ಯಾರಾದರೂ ಕರ್ನಲ್‌ಗೆ ಬರೆದುಕೊಡಲೇಬೇಕು. ಆರ್ಮ್ ಪ್ರೊಸೆಸರುಗಳ ಲೋಕದಲ್ಲಿ ಹಿಂದೆ ಪ್ರತಿ ಬೋರ್ಡಿಗೂ ಒಂದೊಂದು ಸಿ ಫೈಲ್ ಈ ಕೆಲಸ ಮಾಡುತ್ತಿತ್ತು. 2011ರ ಮಾರ್ಚ್‌ನಲ್ಲಿ ಲೈನಸ್ ಟೋರ್ವಾಲ್ಡ್ಸ್ ಆ ಫೈಲುಗಳ ಜಂಜಾಟದ ಬಗ್ಗೆ ಖಾರವಾಗಿ ಬರೆದ ಮೇಲೆ ಆರ್ಮ್ ಬೋರ್ಡುಗಳು ಒಂದೊಂದಾಗಿ ಡಿವೈಸ್ ಟ್ರೀ ಕಡೆ ಹೊರಳಿದವು. ಅದರ ಬೇರು 1994ರ ಐಇಇಇ 1275 ಎಂಬ ಓಪನ್ ಫರ್ಮ್‌ವೇರ್ ಮಾನದಂಡದಲ್ಲಿದೆ.

ಡಿವೈಸ್ ಟ್ರೀಯಲ್ಲಿ ವಿಳಾಸ ಬರೆಯುವ ಜಾಗದ ಹೆಸರು ‘ರೆಗ್’. ಆದರೆ ರೆಗ್‌ನಲ್ಲಿರುವ ಸಂಖ್ಯೆಗೆ ತನ್ನಷ್ಟಕ್ಕೆ ಅರ್ಥವಿಲ್ಲ. ಅದು ಯಾವ ತಾಯಿ ನೋಡ್‌ನ ಕೆಳಗಿದೆ ಎಂಬುದೇ ಅರ್ಥ ಕೊಡುತ್ತದೆ. ಬೆಂಗಳೂರಿನಲ್ಲಿ ಮನೆ ನಂಬರ್ 68 ಎಂದಷ್ಟೇ ಹೇಳಿದರೆ ಆಟೊದವರು ಎಲ್ಲಿಗೂ ಹೋಗಲಾರರು, ಯಾವ ಮೇನು, ಯಾವ ಕ್ರಾಸು ಎಂದೂ ಹೇಳಬೇಕು. ಐ2ಸಿ ತಾಯಿಯ ಕೆಳಗೆ ರೆಗ್ ಎಂದರೆ ತಂತಿಯ ಮೇಲಿನ 7 ಬಿಟ್ ವಿಳಾಸ. ಎಸ್‌ಪಿಐ ತಾಯಿಯ ಕೆಳಗೆ ಅದು ಚಿಪ್ ಸೆಲೆಕ್ಟ್ ಸಂಖ್ಯೆ, ಅಂದರೆ ಯಾವ ಚಿಪ್ ಎಂದು ಆರಿಸುವ ತಂತಿಯ ಸಂಖ್ಯೆ. ಪ್ರೊಸೆಸರ್ ಒಳಗಿನ ಬಸ್‌ನ ಕೆಳಗೆ ಅದು ಮೆಮೊರಿ ವಿಳಾಸ ಮತ್ತು ಅಳತೆ, ಅದೂ ಆ ಬಸ್ ಕಾಣುವ ವಿಳಾಸವೇ ಹೊರತು ಸಿಪಿಯು ಕಾಣುವ ವಿಳಾಸವಲ್ಲ. ಮುಂದೆ ಬರುವ ದೋಷಗಳಲ್ಲಿ ಹೆಚ್ಚಿನವು ಮಗು ನೋಡನ್ನು ಮಾತ್ರ ನೋಡಿ ತಾಯಿಯನ್ನು ನೋಡದೆ ಇರುವುದರಿಂದ ಹುಟ್ಟುವಂಥವು.

ಮೊದಲು ತಂತಿ

ಟ್ರೀಯಲ್ಲಿ ಹುಡುಕುವ ಮೊದಲು ಚಿಪ್ ನಿಜಕ್ಕೂ ಉತ್ತರಿಸುತ್ತಿದೆಯೇ ಎಂದು ನೋಡಿ. ಪೈ ಬೋರ್ಡಿನಲ್ಲಿ ಹೆಡರ್‌ನ (ಪಿನ್‌ಗಳ ಸಾಲಿನ) 3ನೇ ಪಿನ್ ಎಸ್‌ಡಿಎ, ಅಂದರೆ ಡೇಟಾ ತಂತಿ, 5ನೇ ಪಿನ್ ಎಸ್‌ಸಿಎಲ್, ಅಂದರೆ ಕ್ಲಾಕ್ ತಂತಿ. ಬಸ್ ಸುಮ್ಮನಿರುವಾಗ ಮಲ್ಟಿಮೀಟರಿನಲ್ಲಿ ಎರಡೂ ಸುಮಾರು 3.3 ವೋಲ್ಟ್ ತೋರಿಸಬೇಕು. ಒಂದು ತಂತಿ ಸೊನ್ನೆಯ ಹತ್ತಿರ ಇದ್ದರೆ ಯಾವುದೋ ಚಿಪ್ ಅದನ್ನು ಕೆಳಗೆ ಎಳೆದು ಹಿಡಿದಿದೆ, ಇಲ್ಲವೇ ಶಾರ್ಟ್ ಆಗಿದೆ. ಅಲ್ಲಿಗೆ ಡಿವೈಸ್ ಟ್ರೀ ಕೆಲಸ ನಿಲ್ಲಿಸಿ ಮಾಡ್ಯೂಲುಗಳನ್ನು ಒಂದೊಂದಾಗಿ ಬಿಚ್ಚಿ ನೋಡಿ.

ತಂತಿಯನ್ನು ಮೇಲಿನ ವೋಲ್ಟೇಜಿಗೆ ಎಳೆದಿಡುವ ಪುಲ್-ಅಪ್ ರೆಸಿಸ್ಟರುಗಳ ಬಗ್ಗೆ ಎರಡು ಮಾತು. ಪೈ ಬೋರ್ಡಿನಲ್ಲೇ ಈ ಎರಡು ಪಿನ್‌ಗಳಿಗೆ 1.8 ಕಿಲೋ ಓಮ್ ಪುಲ್-ಅಪ್ ಇದೆ. ಮಾಡ್ಯೂಲುಗಳ ಮೇಲೂ ಸಾಮಾನ್ಯವಾಗಿ 4.7 ಕಿಲೋ ಓಮ್ ಕೂರಿಸಿರುತ್ತಾರೆ. ಅಂಥ ಎರಡು ಮಾಡ್ಯೂಲ್ ಸೇರಿದರೆ ಒಟ್ಟು ಸುಮಾರು 1 ಕಿಲೋ ಓಮ್‌ಗೆ ಇಳಿಯುತ್ತದೆ. ಐ2ಸಿ ಚಿಪ್ 3 ಮಿಲಿಆಂಪ್ ಎಳೆಯಬಲ್ಲದು ಎಂಬ ಲೆಕ್ಕದಲ್ಲಿ 3.3 ವೋಲ್ಟ್‌ಗೆ ಇದು ಸರಿಸುಮಾರು ಕೊನೆಯ ಗಡಿ. ಮೂರನೆಯ ಮಾಡ್ಯೂಲ್ ಹಾಕಿದ ಮೇಲೆ ಬಸ್ ಆಗಾಗ ಕೈಕೊಡುತ್ತಿದ್ದರೆ ಮಾಡ್ಯೂಲಿನ ಪುಲ್-ಅಪ್‌ಗಳನ್ನು ತೆಗೆಯಿರಿ. ಇನ್ನೊಂದು ಮಾತು ಇದಕ್ಕಿಂತ ಮುಖ್ಯ: ಸಾಮಾನ್ಯವಾಗಿ ಸಿಗುವ ಡಿಎಸ್3231 ಮಾಡ್ಯೂಲಿನ ಪುಲ್-ಅಪ್‌ಗಳು ಅದರ ವಿಸಿಸಿ ಪಿನ್‌ಗೇ ಕಟ್ಟಿರುತ್ತವೆ. ಅದಕ್ಕೆ 5 ವೋಲ್ಟ್ ಕೊಟ್ಟರೆ ಎಸ್‌ಡಿಎ, ಎಸ್‌ಸಿಎಲ್ ಕೂಡ ಆ ಕಡೆಗೆ ಎಳೆಯಲ್ಪಡುತ್ತವೆ, ಪೈ ಪಿನ್‌ಗಳು ಅದನ್ನು ತಾಳಲು ಆದವಲ್ಲ. ಚಿಪ್ 2.3 ವೋಲ್ಟ್‌ನಿಂದಲೇ ನಡೆಯುತ್ತದೆ, 3.3 ಕೊಡಿ.

ಇನ್ನು ‘ಐ2ಸಿಡಿಟೆಕ್ಟ್ -ವೈ 1’ ಓಡಿಸಿ. ಖಾಲಿ ಜಾಗಕ್ಕೆ ಎರಡು ಅಡ್ಡಗೆರೆ, ಉತ್ತರಿಸಿದ ಚಿಪ್‌ಗೆ ಅದರ ವಿಳಾಸ, ಡ್ರೈವರ್ ಈಗಾಗಲೇ ಹಿಡಿದುಕೊಂಡ ವಿಳಾಸಕ್ಕೆ ‘ಯುಯು’ ಬರುತ್ತದೆ. ಯುಯು ಕಂಡರೆ ಚಿಪ್ ಉತ್ತರಿಸಿದೆ ಎಂದು ಅರ್ಥವಲ್ಲ. ಆ ವಿಳಾಸವನ್ನು ಡ್ರೈವರ್ ಹಿಡಿದಿರುವುದರಿಂದ ಐ2ಸಿಡಿಟೆಕ್ಟ್ ಅದನ್ನು ಕೇಳಲೇ ಇಲ್ಲ ಎಂದಷ್ಟೇ ಅರ್ಥ. ಚಿಪ್ ಸತ್ತುಹೋಗಿದ್ದರೂ ಡ್ರೈವರ್ ಬಿಡದಿದ್ದರೆ ಯುಯು ಹಾಗೇ ಇರುತ್ತದೆ. ಪ್ರತಿ ಚೌಕಕ್ಕೂ ಸ್ಕ್ಯಾನ್ ತಡವರಿಸಿ ತಡವರಿಸಿ ಮುಂದೆ ಹೋಗುತ್ತಿದ್ದರೆ ಎಸ್‌ಸಿಎಲ್ ತಂತಿಯನ್ನು ನೋಡಿ. ಎಲ್ಲ ವಿಳಾಸಗಳೂ ತುಂಬಿದಂತೆ ಕಂಡರೆ ಎಸ್‌ಡಿಎ ಕೆಳಗೆ ಅಂಟಿಕೊಂಡಿರಬಹುದು, ಏಕೆಂದರೆ ಐ2ಸಿಯಲ್ಲಿ ‘ಇದ್ದೇನೆ’ ಎಂಬ ಉತ್ತರವೇ ಎಸ್‌ಡಿಎಯನ್ನು ಕೆಳಗೆಳೆಯುವುದು.

ಸ್ಕ್ಯಾನ್ ಪೂರ್ತಿ ನಿರುಪದ್ರವಿ ಎಂದು ತಿಳಿಯಬೇಡಿ. 30ರಿಂದ 37, 50ರಿಂದ 5ಎಫ್ ವರೆಗಿನ ವಿಳಾಸಗಳನ್ನು ಅದು ಓದಿ ಪರೀಕ್ಷಿಸುತ್ತದೆ, ಉಳಿದವಕ್ಕೆ ಖಾಲಿ ಬರವಣಿಗೆ ಕಳಿಸುತ್ತದೆ. ಹೀಗೆ ಬೇರೆ ಮಾಡಿರುವುದು ಆ ಖಾಲಿ ಬರವಣಿಗೆಯಿಂದಲೇ ಕೆಡುವ ಇಇಪ್ರಾಮ್ (ಮೆಮೊರಿ) ಚಿಪ್ ಒಂದಿರುವುದರಿಂದ. ಹವ್ಯಾಸಕ್ಕೆ ಇಟ್ಟುಕೊಂಡ ಬೋರ್ಡಿನಲ್ಲಿ ಹೆದರಬೇಕಿಲ್ಲ. ಲ್ಯಾಪ್‌ಟಾಪಿನ ಒಳಗಿನ ಬಸ್‌ಗಳ ಮೇಲೆ ಮಾತ್ರ ಕಂಡಾಪಟ್ಟೆ ಓಡಿಸಬೇಡಿ.

7 ಬಿಟ್ಟೋ 8 ಬಿಟ್ಟೋ

ಐ2ಸಿ ತಂತಿಯ ಮೇಲೆ ಮೊದಲ ಬೈಟ್‌ನಲ್ಲಿ 7 ಬಿಟ್ ವಿಳಾಸ ಹೋಗುತ್ತದೆ, ಎಂಟನೆಯದು ಓದು-ಬರಹದ ಬಿಟ್. ಕೆಲವು ಡೇಟಾಶೀಟುಗಳು ಆ ಇಡೀ ಬೈಟನ್ನೇ ವಿಳಾಸ ಎನ್ನುತ್ತವೆ. ಡಿಎಸ್3231ಗೆ ಬರೆಯಲು ಡಿ0, ಓದಲು ಡಿ1 ಎಂದು ಬರೆದಿದ್ದರೆ ಅದರ ನಿಜವಾದ ವಿಳಾಸ ಅದರ ಅರ್ಧ, ಅಂದರೆ 68. ಲಿನಕ್ಸ್‌ಗೆ ಯಾವಾಗಲೂ 7 ಬಿಟ್‌ನದೇ ಬೇಕು.

ರೆಗ್‌ನಲ್ಲಿ ಡಿ0 ಬರೆದರೆ ಕರ್ನಲ್ ಅದನ್ನು ಒಪ್ಪುವುದಿಲ್ಲ. 7ಎಫ್‌ಗಿಂತ ದೊಡ್ಡದು ಎಂದು ‘ಇನ್‌ವ್ಯಾಲಿಡ್ 7-ಬಿಟ್ ಐ2ಸಿ ಅಡ್ರೆಸ್’ ಎಂದು ಲಾಗ್‌ನಲ್ಲಿ ಬರೆದು ಬಿಟ್ಟುಬಿಡುತ್ತದೆ. ಈ ತಪ್ಪು ಸುಲಭವಾಗಿ ಸಿಗುತ್ತದೆ.

ಸಿಗದೆ ಕಾಡುವುದು ಡಿಸ್‌ಪ್ಲೇ. ಹಲವು ಎಸ್‌ಎಸ್‌ಡಿ1306 ಮಾಡ್ಯೂಲುಗಳ ಬೆನ್ನ ಮೇಲೆ 78, 7ಎ ಎಂದು ಮುದ್ರಿಸಿರುತ್ತಾರೆ. ಅವು 8 ಬಿಟ್ ಲೆಕ್ಕದವು. ನಿಜವಾದ ವಿಳಾಸಗಳು 3ಸಿ ಮತ್ತು 3ಡಿ. ಆದರೆ 78 ಎಂಬುದು 7ಎಫ್‌ಗಿಂತ ಚಿಕ್ಕದಲ್ಲವೇ? ಹಾಗಾಗಿ ಟ್ರೀಯಲ್ಲಿ 78 ಬರೆದರೆ ಕರ್ನಲ್ ತಕರಾರಿಲ್ಲದೆ ಒಪ್ಪಿಕೊಳ್ಳುತ್ತದೆ, ಟ್ರೀ ಕಂಪೈಲರ್ ಆದ ಡಿಟಿಸಿ ಕೂಡ ಸುಮ್ಮನಿರುತ್ತದೆ. ಸಾಧನ ಹುಟ್ಟುತ್ತದೆ, ಡ್ರೈವರ್ ಬಂದು ಮಾತಾಡಿಸುತ್ತದೆ, ಉತ್ತರ ಬರುವುದಿಲ್ಲ, -121 ಉಳಿಯುತ್ತದೆ. ಐ2ಸಿಡಿಟೆಕ್ಟ್ ಹಾಕಿ ನೋಡಿದರೆ 78ರ ಚೌಕವೇ ಖಾಲಿ, ಏಕೆಂದರೆ 78ರಿಂದ 7ಎಫ್ ವರೆಗಿನವು ಕಾಯ್ದಿರಿಸಿದ ವಿಳಾಸಗಳು, ಸಾಮಾನ್ಯ ಸ್ಕ್ಯಾನ್ 77ಕ್ಕೇ ನಿಲ್ಲುತ್ತದೆ. ಅದೇ ಪಟ್ಟಿಯಲ್ಲಿ 3ಸಿ ಹೊಳೆಯುತ್ತಿರುತ್ತದೆ, ಕಣ್ಣು ಅಲ್ಲಿಗೆ ಹೋಗುವುದಿಲ್ಲ. ಟ್ರೀಯಲ್ಲಿ ಬರೆದ ಸಂಖ್ಯೆಯ ಸರಿ ಅರ್ಧದಲ್ಲಿ ಯಾವುದಾದರೂ ಚಿಪ್ ಉತ್ತರಿಸುತ್ತಿದೆಯೇ ಎಂದು ನೋಡುವುದನ್ನು ಅಭ್ಯಾಸ ಮಾಡಿಕೊಳ್ಳಿ.

ಇದರ ಪಕ್ಕದಲ್ಲೇ ಇನ್ನೊಂದು: ಹೆಕ್ಸ್ ಗುರುತು ಬಿಟ್ಟು ರೆಗ್‌ನಲ್ಲಿ ಬರೀ 68 ಎಂದು ಬರೆದರೆ ಅದು ದಶಮಾನದ 68, ಅಂದರೆ ಹೆಕ್ಸ್ 44. ನೋಡ್‌ನ ಹೆಸರಿನಲ್ಲಿ @68 ಎಂದೇ ಇರುವುದರಿಂದ ಓದುವವರಿಗೆ ಎಲ್ಲ ಸರಿಯಾಗಿರುವಂತೆ ಕಾಣುತ್ತದೆ. ಹೆಸರಿನಲ್ಲಿ @ ನಂತರ ಬರುವುದು ಯಾವಾಗಲೂ ಹೆಕ್ಸ್. ಐ2ಸಿ ಸಾಧನದ ವಿಳಾಸಕ್ಕೆ ಕರ್ನಲ್ ಆ ಹೆಸರನ್ನು ನಂಬುವುದಿಲ್ಲ, ರೆಗ್ಗನ್ನೇ ನಂಬುತ್ತದೆ.

ಒಂದೇ ವಿಳಾಸಕ್ಕೆ ಇಬ್ಬರು

ಡಿಎಸ್3231 ವಿಳಾಸ 68. ಎಂಪಿಯು6050 ವಿಳಾಸವೂ ಮೊದಲಿಗೆ 68. ಎರಡನ್ನೂ ಒಂದೇ ಬಸ್‌ಗೆ ಹಾಕಿದರೆ ಸ್ಕ್ಯಾನ್‌ನಲ್ಲಿ 68 ಒಂದೇ ಸಲ ಕಾಣುತ್ತದೆ, ಎರಡೂ ಚಿಪ್‌ಗಳು ಒಟ್ಟಿಗೆ ಉತ್ತರಿಸುತ್ತವೆ. ಓದುವಾಗ ಯಾವ ಬಿಟ್‌ನಲ್ಲಿ ಯಾರಾದರೊಬ್ಬರು ಸೊನ್ನೆ ಹೇಳಿದರೂ ತಂತಿ ಸೊನ್ನೆಗೆ ಇಳಿಯುತ್ತದೆ. ಗಡಿಯಾರ ಅಸಂಬದ್ಧ ದಿನಾಂಕ ಹೇಳಿದರೆ, ಸೆನ್ಸರ್ ಸುಮ್ಮನಿದ್ದಲ್ಲೇ ಕುಣಿದರೆ, ಈ ಘರ್ಷಣೆಯನ್ನು ಮೊದಲು ನೆನೆಯಿರಿ. ಎಂಪಿಯು6050ನ ಎಡಿ0 ಪಿನ್ ಅನ್ನು 3.3 ವೋಲ್ಟ್‌ಗೆ ಕಟ್ಟಿದರೆ ಅದು 69ಕ್ಕೆ ಸರಿಯುತ್ತದೆ. ಟ್ರೀಯಲ್ಲಿ ಹೆಸರು ಮತ್ತು ರೆಗ್ ಎರಡನ್ನೂ 69 ಮಾಡಿ. ಆಮೇಲೆ ಚಿಪ್‌ನ ಹೆಕ್ಸ್ 75ರ ರಿಜಿಸ್ಟರ್, ಅಂದರೆ ಗುರುತಿನ ರಿಜಿಸ್ಟರ್ ಓದಿದರೆ 68 ಎಂದೇ ಬರುತ್ತದೆ. ಗಾಬರಿ ಬೇಡ, ಬದಲಾವಣೆ ಆಗಿಲ್ಲ ಎಂದು ತಿಳಿಯಬೇಡಿ. ಆ ರಿಜಿಸ್ಟರ್ ಎಡಿ0 ಪಿನ್‌ನ ಸ್ಥಿತಿಯನ್ನು ತೋರಿಸುವುದಿಲ್ಲ. ಚಿಪ್ 69ರಲ್ಲಿ ಕುಳಿತಿದ್ದರೂ 68 ಎಂದೇ ಹೇಳುತ್ತದೆ.

ಗಡಿಯಾರದ ಮಾಡ್ಯೂಲ್ ಒಂದೇ ಹಾಕಿದ್ದರೂ ಸ್ಕ್ಯಾನ್‌ನಲ್ಲಿ ಎರಡು ವಿಳಾಸ ಕಂಡರೆ ಅದು ದೋಷವಲ್ಲ. ಅದರ ಮೇಲೆ ಸಾಮಾನ್ಯವಾಗಿ ಒಂದು 24ಸಿ32 ಇಇಪ್ರಾಮ್ ಕೂಡ ಇರುತ್ತದೆ, ಅದು 57ರಲ್ಲಿ ಉತ್ತರಿಸುತ್ತದೆ.

ತಂತಿಯ ಮೇಲೆ ಘರ್ಷಣೆ ಇಲ್ಲದಿದ್ದರೂ ಟ್ರೀಯಲ್ಲಿ ಇರಬಹುದು. ಒಂದೇ ಬಸ್‌ನ ಕೆಳಗೆ ಎರಡು ನೋಡ್‌ಗಳ ರೆಗ್ 68 ಆಗಿದ್ದರೆ ಎರಡನೆಯದು -16 ಎಂದು ಬೀಳುತ್ತದೆ: ವಿಳಾಸ ಬಿಡುವಿಲ್ಲ. ಅದಾದರೂ ಲಾಗ್‌ನಲ್ಲಿ ಕಾಣುತ್ತದೆ. ಎರಡು ಓವರ್‌ಲೇಗಳು (ಮೂಲ ಟ್ರೀಗೆ ಮೇಲಿಂದ ಸೇರಿಸುವ ತುಣುಕುಗಳು) ಒಂದೇ ನೋಡ್ ಹೆಸರು ಬಳಸಿದ್ದರೆ ಎರಡು ನೋಡ್ ಇರುವುದೇ ಇಲ್ಲ. ಎರಡೂ ಬೆರೆತು ಒಂದಾಗಿ, ನಂತರ ಬಂದದ್ದರ ಕಂಪ್ಯಾಟಿಬಲ್ ಸಾಲು (ಯಾವ ಡ್ರೈವರ್ ಬೇಕೆಂದು ಹೇಳುವುದು) ಮೊದಲಿನದನ್ನು ನುಂಗಿರುತ್ತದೆ. ಲಾಗ್‌ನಲ್ಲಿ ಚಕಾರವಿರುವುದಿಲ್ಲ.

ನೀವು ಬರೆದ ಟ್ರೀ ಅಲ್ಲ, ಓಡುತ್ತಿರುವ ಟ್ರೀ

ಇಲ್ಲಿಗೆ ಬಂದಾಗ ನಿಮ್ಮ ಸೋರ್ಸ್ ಫೈಲನ್ನು ಮುಚ್ಚಿಡಿ. ಬೂಟ್‌ಲೋಡರ್ ಯಾವ ಟ್ರೀಯನ್ನು ಎತ್ತಿಕೊಂಡಿತು, ಯಾವ ಓವರ್‌ಲೇ ಸೇರಿತು, ಯಾವುದು ಸೇರದೆ ಉಳಿಯಿತು ಎಂಬುದು ಸೋರ್ಸ್‌ನಲ್ಲಿ ಗೊತ್ತಾಗುವುದಿಲ್ಲ. ಕರ್ನಲ್ ಕೈಯಲ್ಲಿರುವ ಟ್ರೀ ‘/ಪ್ರಾಕ್/ಡಿವೈಸ್-ಟ್ರೀ’ ಎಂಬಲ್ಲಿ ಫೋಲ್ಡರುಗಳಾಗಿ ತೆರೆದಿರುತ್ತದೆ. ನಿಮ್ಮ ನೋಡ್‌ನ ಫೋಲ್ಡರ್ ಅಲ್ಲಿದೆಯೇ? ಇದ್ದರೆ ‘ಸ್ಟೇಟಸ್’ ಏನಿದೆ? ತಾಯಿ ನೋಡ್‌ನ ಸ್ಟೇಟಸ್ ‘ಡಿಸೇಬಲ್ಡ್’ ಆಗಿದ್ದರೆ ಮಗು ಎಷ್ಟು ಸರಿಯಿದ್ದರೂ ಹುಟ್ಟುವುದಿಲ್ಲ. ಪೈ ಬೋರ್ಡಿನಲ್ಲಿ ಹೆಡರ್‌ನ ಐ2ಸಿ ಮೊದಲಿಗೆ ಹೀಗೆ ಮಲಗಿರುತ್ತದೆ, ಕಾನ್ಫಿಗ್ ಫೈಲಿನಲ್ಲಿ ‘ಡಿಟಿಪ್ಯಾರಮ್=ಐ2ಸಿ_ಆರ್ಮ್=ಆನ್’ ಎಂದು ಎಬ್ಬಿಸಬೇಕು.

ರೆಗ್ ಫೈಲನ್ನು ‘ಎಕ್ಸ್‌ಎಕ್ಸ್‌ಡಿ’ಯಿಂದ ಓದಿ. ಗಡಿಯಾರದ ನೋಡ್‌ನಲ್ಲಿ 00 00 00 68 ಎಂದು ನಾಲ್ಕೇ ಬೈಟ್ ಇರಬೇಕು. ಆಯ್ಕೆ ಏನೂ ಕೊಡದೆ ‘ಹೆಕ್ಸ್‌ಡಂಪ್’ ಓಡಿಸಿದರೆ ಮೋಸ ಹೋಗುತ್ತೀರಿ: ಟ್ರೀಯ ಸೆಲ್‌ಗಳಲ್ಲಿ ದೊಡ್ಡ ಬೈಟ್ ಮೊದಲು, ಹೆಕ್ಸ್‌ಡಂಪ್ ಪೈ ಬೋರ್ಡಿನಲ್ಲಿ ಎರಡೆರಡು ಬೈಟುಗಳನ್ನು ತಿರುಗಿಸಿ ತೋರಿಸುತ್ತದೆ. 7ಇ 80 40 00 ಎಂಬುದು 807ಇ 0040 ಆಗಿ ಕಾಣುತ್ತದೆ.

ಈಗ ನನಗೆ ಅತ್ಯಂತ ಉಪಯೋಗಕ್ಕೆ ಬಂದಿರುವ ಉಪಾಯ. ಓವರ್‌ಲೇಯನ್ನು ಒಂಟಿಯಾಗಿ ಕಂಪೈಲ್ ಮಾಡುವಾಗ ಅದರ ತಾಯಿ ಐ2ಸಿ ಬಸ್ ಎಂಬುದು ಡಿಟಿಸಿಗೆ ಗೊತ್ತಿರುವುದಿಲ್ಲ, ಹಾಗಾಗಿ ಐ2ಸಿ ವಿಳಾಸದ ಪರೀಕ್ಷೆಗಳೇ ನಡೆಯುವುದಿಲ್ಲ. ಬೇರೆ ಓವರ್‌ಲೇಯಲ್ಲಿ ಅದೇ ವಿಳಾಸ ಇದ್ದರೂ ತಿಳಿಯುವುದಿಲ್ಲ. ಅದರ ಬದಲು ಓಡುತ್ತಿರುವ ಇಡೀ ಟ್ರೀಯನ್ನೇ ಡಿಟಿಸಿಗೆ ಕೊಡಿ (ಐ, ಒ ಎರಡೂ ದೊಡ್ಡ ಅಕ್ಷರಗಳಲ್ಲಿ):

ಡಿಟಿಸಿ -ಐ ಎಫ್‌ಎಸ್ -ಒ ಡಿಟಿಎಸ್ /ಪ್ರಾಕ್/ಡಿವೈಸ್-ಟ್ರೀ

ಇದು ಬೆರೆತ ಟ್ರೀಯನ್ನು ಓದಬಲ್ಲ ರೂಪಕ್ಕೆ ತರುವುದರ ಜೊತೆಗೆ ಎಲ್ಲ ಪರೀಕ್ಷೆಗಳನ್ನೂ ಅದರ ಮೇಲೆ ನಡೆಸುತ್ತದೆ. ಎಚ್ಚರಿಕೆಗಳು ಬೇಕಾದಷ್ಟು ಬರುತ್ತವೆ, ಎಲ್ಲವೂ ನಿಮ್ಮವಲ್ಲ. ನಿಮ್ಮ ನೋಡ್‌ನ ಹೆಸರು ಇರುವ ಸಾಲುಗಳನ್ನು ಮಾತ್ರ ಹೆಕ್ಕಿ. ಹೆಸರಲ್ಲಿ 68, ರೆಗ್‌ನಲ್ಲಿ 44 ಇದ್ದರೆ ‘44 ಇರಬೇಕಿತ್ತು’ ಎಂದು ಹೇಳುತ್ತದೆ. ಎರಡು ನೋಡ್‌ಗಳಿಗೆ ಒಂದೇ ವಿಳಾಸವಿದ್ದರೆ ಅದನ್ನೂ ಹೇಳುತ್ತದೆ.

ಸೆಲ್‌ಗಳ ಎಣಿಕೆ

ರೆಗ್ ಎಂಬುದು 32 ಬಿಟ್ ಸೆಲ್‌ಗಳ ಸಾಲು. ಅದರಲ್ಲಿ ಎಷ್ಟು ಸೆಲ್ ವಿಳಾಸಕ್ಕೆ, ಎಷ್ಟು ಅಳತೆಗೆ ಎಂದು ತಾಯಿ ನೋಡ್‌ನ ‘#ಅಡ್ರೆಸ್-ಸೆಲ್ಸ್’ ಮತ್ತು ‘#ಸೈಜ್-ಸೆಲ್ಸ್’ ಹೇಳುತ್ತವೆ. ಅಜ್ಜಿಯ ನೋಡ್‌ನಲ್ಲಿರುವುದು ಮೊಮ್ಮಗುವಿಗೆ ದಾಟಿ ಬರುವುದಿಲ್ಲ. ತಾಯಿ ಏನೂ ಹೇಳದಿದ್ದರೆ ವಿಳಾಸಕ್ಕೆ 2, ಅಳತೆಗೆ 1 ಎಂಬುದು ಮಾನದಂಡದ ಮಾತು. ಅದನ್ನು ನೆಚ್ಚಿಕೊಂಡು ಬರೆಯಬೇಡಿ, ಎರಡನ್ನೂ ಯಾವಾಗಲೂ ಬರೆಯಿರಿ. ಐ2ಸಿ ಬಸ್‌ಗೆ 1 ಮತ್ತು 0, ಏಕೆಂದರೆ ಅಲ್ಲಿ ಅಳತೆ ಎಂಬುದೇ ಇಲ್ಲ.

64 ಬಿಟ್ ಬೋರ್ಡಿನಿಂದ ಒಂದು ನೋಡ್ ಎತ್ತಿ ತಂದು ಬೇರೆ ಕಡೆ ಅಂಟಿಸಿದಾಗ ಇಲ್ಲಿ ಎಡವಟ್ಟಾಗುತ್ತದೆ. ಐ2ಸಿ ಕೆಳಗೆ <0 0ಎಕ್ಸ್68> ಎಂದು ಎರಡು ಸೆಲ್ ಬರೆದರೆ ಕರ್ನಲ್ ಮೊದಲ ಸೆಲ್ಲನ್ನಷ್ಟೇ ಓದಿ ವಿಳಾಸ 00 ಎಂದುಕೊಂಡು ನಿರಾಕರಿಸುತ್ತದೆ. ಮೆಮೊರಿ ಬಸ್‌ನಲ್ಲಿ ಇದು ಇನ್ನೂ ಕೆಟ್ಟದು. ತಾಯಿ ಹೇಳಿದ್ದು 1 ಮತ್ತು 1. ನೀವು ಬರೆದದ್ದು <0 0ಎಕ್ಸ್10000000 0 0ಎಕ್ಸ್1000>. ನಿಮ್ಮ ಮನಸ್ಸಿನಲ್ಲಿ ಇದು 10000000ದಲ್ಲಿ 4 ಕಿಲೋಬೈಟ್‌ನ ಒಂದು ಪ್ರದೇಶ. ಕರ್ನಲ್ ಓದುವುದು ಎರಡು ಪ್ರದೇಶಗಳನ್ನು: ಸೊನ್ನೆಯಿಂದ ಶುರುವಾಗುವ 256 ಮೆಗಾಬೈಟ್, ಮತ್ತೆ ಸೊನ್ನೆಯಿಂದಲೇ 4 ಕಿಲೋಬೈಟ್. ಉದ್ದ 16 ಬೈಟ್, ಎಂಟರ ಗುಣಕ, ಹಾಗಾಗಿ ‘ಉದ್ದ ತಪ್ಪಿದೆ’ ಎಂಬ ಎಚ್ಚರಿಕೆಯೂ ಇಲ್ಲ. ಹೆಸರಿನ @10000000 ಜೊತೆ ತಾಳೆಯಾಗದಿರುವುದನ್ನು ಡಿಟಿಸಿ ಗುರುತಿಸಬಲ್ಲದು, ಆದರೆ ಕರ್ನಲ್ ಸೋರ್ಸ್ ಒಳಗೆ ಸಾಮಾನ್ಯವಾಗಿ ಕಂಪೈಲ್ ಮಾಡುವಾಗ ಆ ಪರೀಕ್ಷೆಯ ಬಾಯಿ ಮುಚ್ಚಿಸಿರುತ್ತಾರೆ. ‘ಡಬ್ಲ್ಯೂ=1’ ಎಂದು ಸೇರಿಸಿ ಮೇಕ್ ಓಡಿಸಿದರೆ ಕಾಣುತ್ತದೆ.

ರೇಂಜಸ್: ಎರಡು ವಿಳಾಸಗಳ ಕಥೆ

ಪ್ರೊಸೆಸರ್ ಒಳಗಿನ ಬ್ಲಾಕುಗಳಿಗೆ ಡ್ರೈವರ್ ಬರೆಯುವವರು ಹೆಚ್ಚು ಹೊತ್ತು ಕಳೆಯಬೇಕಾದ ಜಾಗ ಇದು. ಪೈ 4ರಲ್ಲಿ ಹೆಡರ್‌ನ ಐ2ಸಿ ನಿಯಂತ್ರಕದ ನೋಡ್ ಹೆಸರು ‘ಐ2ಸಿ@7ಇ804000’. ಕರ್ನಲ್ ಲಾಗ್‌ನಲ್ಲಿ ಅದೇ ಬ್ಲಾಕ್ ‘ಎಫ್‌ಇ804000.ಐ2ಸಿ’ ಎಂದು ಕಾಣುತ್ತದೆ. ಪೈ 3ರಲ್ಲಿ ‘3ಎಫ್804000.ಐ2ಸಿ’. ಮೂರೂ ಒಂದೇ ಬಗೆಯ ಬ್ಲಾಕ್.

ಬ್ರಾಡ್‌ಕಾಮ್‌ನ ಈ ಚಿಪ್‌ಗಳ ಒಳಬಸ್‌ನಲ್ಲಿ ಪೆರಿಫೆರಲ್‌ಗಳು 7ಇ000000ದಿಂದ ಶುರುವಾಗುತ್ತವೆ, ದಾಖಲೆಗಳಲ್ಲೂ ಆ ಸಂಖ್ಯೆಯೇ ಇರುತ್ತದೆ. ಆರ್ಮ್ ಸಿಪಿಯು ಮಾತ್ರ ಅವನ್ನು ಬೇರೆ ಕಡೆ ಕಾಣುತ್ತದೆ: ಮೊದಲ ಪೈನಲ್ಲಿ 20000000, ಪೈ 2 ಮತ್ತು 3ರಲ್ಲಿ 3ಎಫ್000000, ಪೈ 4ರಲ್ಲಿ ಎಫ್‌ಇ000000. ಈ ಎರಡನ್ನು ಜೋಡಿಸುವುದು ಪ್ರೊಸೆಸರ್ ಒಳಗಿನ ಬಸ್‌ನ ‘ಎಸ್‌ಒಸಿ’ ನೋಡ್‌ನಲ್ಲಿರುವ ರೇಂಜಸ್. ಪೈ 4ರಲ್ಲಿ ಅದರ ಒಂದು ಸಾಲು ಹೀಗಿದೆ:

<0ಎಕ್ಸ್7ಇ000000 0 0ಎಕ್ಸ್ಎಫ್‌ಇ000000 0ಎಕ್ಸ್01800000>

ಮೊದಲ ಸೆಲ್ ಮಗುವಿನ ಕಡೆಯ ವಿಳಾಸ. ಮುಂದಿನ ಎರಡು ತಾಯಿಯ ಕಡೆಯದು. ಮೂಲ ನೋಡ್‌ನಲ್ಲಿ ವಿಳಾಸಕ್ಕೆ 2 ಸೆಲ್ ಎಂದಿರುವುದರಿಂದ ಎರಡು. ಕೊನೆಯದು ಉದ್ದ. ಈ ಸಾಲನ್ನು ಓದುವಾಗ ಮೂರು ಕಡೆಯಿಂದ ಎಣಿಕೆ ಬರುತ್ತದೆ ಎಂಬುದನ್ನು ನೆನಪಿಡಿ: ಈ ನೋಡ್‌ನದೇ ಅಡ್ರೆಸ್-ಸೆಲ್ಸ್, ಅದರ ತಾಯಿಯ ಅಡ್ರೆಸ್-ಸೆಲ್ಸ್, ಮತ್ತೆ ಈ ನೋಡ್‌ನ ಸೈಜ್-ಸೆಲ್ಸ್.

ಎಸ್‌ಒಸಿ ನೋಡ್‌ನ ಕೆಳಗೆ ನೀವೊಂದು ಹೊಸ ನೋಡ್ ಬರೆದು, ರೆಗ್‌ನಲ್ಲಿ ಸಿಪಿಯು ಕಡೆಯ ಎಫ್‌ಇ ವಿಳಾಸ ಕೊಟ್ಟರೆ ಏನಾಗುತ್ತದೆ? ಆ ಸಂಖ್ಯೆ ರೇಂಜಸ್‌ನ ಯಾವ ಸಾಲಿನಲ್ಲೂ ಬೀಳದಿದ್ದರೆ ಕರ್ನಲ್‌ಗೆ ಅದನ್ನು ಬದಲಿಸಲು ಆಗುವುದಿಲ್ಲ. ಡ್ರೈವರ್‌ಗೆ ಪ್ರದೇಶವೇ ಸಿಗುವುದಿಲ್ಲ, ‘ಇನ್‌ವ್ಯಾಲಿಡ್ ರಿಸೋರ್ಸ್’ ಎಂದು -22 ಬರುತ್ತದೆ. ಇದಕ್ಕೆ ತದ್ವಿರುದ್ಧವಾದದ್ದು ಓವರ್‌ಲೇ ಬರೆಯುವವರಲ್ಲಿ ಆಗುತ್ತದೆ: ಎಸ್‌ಒಸಿ ಬದಲು ಮೂಲ ನೋಡನ್ನೇ ಗುರಿ ಮಾಡಿ, ಅಲ್ಲಿ 7ಇ ವಿಳಾಸ ಬರೆಯುವುದು. ಮೂಲದಲ್ಲಿ ಬದಲಾವಣೆ ಇಲ್ಲ, 7ಇ000000 ಎಂದರೆ 7ಇ000000ವೇ. 2 ಗಿಗಾಬೈಟ್ ಅಥವಾ ಹೆಚ್ಚಿನ ಪೈ 4ರಲ್ಲಿ ಆ ವಿಳಾಸದಲ್ಲಿ ಇರುವುದು ರ‍್ಯಾಮ್. ಪ್ರದೇಶ ಕೇಳಿದ ಡ್ರೈವರ್‌ಗೆ -16 ಸಿಗುತ್ತದೆ.

ಇದನ್ನು ಕ್ಷಣದಲ್ಲಿ ಪತ್ತೆಹಚ್ಚುವ ದಾರಿಯೊಂದಿದೆ. ‘/ಸಿಸ್/ಬಸ್/ಪ್ಲಾಟ್‌ಫಾರ್ಮ್/ಡಿವೈಸಸ್’ ಪಟ್ಟಿಯಲ್ಲಿ ನಿಮ್ಮ ಸಾಧನದ ಹೆಸರು ನೋಡಿ. ವಿಳಾಸ ಸರಿಯಾಗಿ ಬದಲಾಗಿದ್ದರೆ ಹೆಸರು ‘ಎಫ್‌ಇ804000.ಐ2ಸಿ’ ರೀತಿ, ವಿಳಾಸ ಮೊದಲು ಚುಕ್ಕಿ ಆಮೇಲೆ ಇರುತ್ತದೆ. ಬದಲಿಸಲು ಆಗದಿದ್ದರೆ ಅಥವಾ ರೆಗ್ ಇಲ್ಲದಿದ್ದರೆ ‘ಎಸ್‌ಒಸಿ:’ ಎಂದು ತಾಯಿಯ ಹೆಸರು, ಕೋಲನ್, ಆಮೇಲೆ ನಿಮ್ಮ ನೋಡ್‌ನ ಹೆಸರು ಬರುತ್ತದೆ. ರೆಗ್ ಬರೆದಿದ್ದೂ ಕೋಲನ್ ಕಂಡರೆ ನೇರವಾಗಿ ರೇಂಜಸ್ ನೋಡಲು ಹೋಗಿ. ಡ್ರೈವರ್ ಹಿಡಿದ ಪ್ರದೇಶಗಳನ್ನು ‘/ಪ್ರಾಕ್/ಐಒಮೆಮ್’ನಲ್ಲಿ ತಾಳೆ ನೋಡಬಹುದು, ಸುಡೋ ಹಾಕಿ ಓದಿ, ಇಲ್ಲದಿದ್ದರೆ ವಿಳಾಸಗಳೆಲ್ಲ ಸೊನ್ನೆಯಾಗಿ ಕಾಣುತ್ತವೆ.

ರೇಂಜಸ್ ಎಂಬ ಸಾಲು ಖಾಲಿ ಇದ್ದರೆ ‘ಎರಡು ಕಡೆಯೂ ಒಂದೇ ವಿಳಾಸ’ ಎಂದರ್ಥ. ಸಾಲೇ ಇಲ್ಲದಿದ್ದರೆ ‘ಈ ಬಸ್‌ನ ವಿಳಾಸ ಸಿಪಿಯುಗೆ ಕಾಣುವುದಿಲ್ಲ’ ಎಂದರ್ಥ, ಐ2ಸಿಯಲ್ಲಿ ಇರುವಂತೆ. ಹೊಸ ಬಸ್ ನೋಡ್ ಬರೆಯುವಾಗ ಈ ಒಂದು ಪದ ಮರೆತರೆ ಅದರ ಕೆಳಗಿನ ಎಲ್ಲ ಮಕ್ಕಳೂ ವಿಳಾಸ ಕಳೆದುಕೊಳ್ಳುತ್ತವೆ.

ಪೈ 5ರಲ್ಲಿ ಹೆಡರ್‌ನ ಪಿನ್‌ಗಳು ಮುಖ್ಯ ಪ್ರೊಸೆಸರಿನಲ್ಲಿ ಇಲ್ಲ, ಪಿಸಿಐಇ ಹಿಂದೆ ಕುಳಿತ ಆರ್‌ಪಿ1 ಎಂಬ ಬೇರೆ ಚಿಪ್‌ನಲ್ಲಿವೆ. ಅಲ್ಲಿ ಅದೇ ಐ2ಸಿ ‘1ಎಫ್00074000.ಐ2ಸಿ’ ಎಂದು ಕಾಣುತ್ತದೆ, ನಡುವೆ ಒಂದಕ್ಕಿಂತ ಹೆಚ್ಚು ರೇಂಜಸ್ ದಾಟಿರುತ್ತದೆ. ಪೈ 4ರ ವಿಳಾಸ ಬರೆದಿಟ್ಟ ಓವರ್‌ಲೇ ಅಲ್ಲಿ ನಡೆಯದಿರುವುದು ಸಹಜ. ‘&ಐ2ಸಿ1’ ಎಂದು ಲೇಬಲ್ ಹಿಡಿದು ಬರೆದರೆ ಈ ಚಿಂತೆಯೇ ಇಲ್ಲ, ಪೂರ್ತಿ ದಾರಿಯನ್ನು ಬರೆಯುವುದಕ್ಕಿಂತ ಲೇಬಲ್ಲೇ ಮೇಲು.

ಎಸ್‌ಪಿಐ

ಇಲ್ಲಿ ಹೇಳಬೇಕಾದದ್ದು ಕಡಿಮೆ. ರೆಗ್ ಎಂದರೆ ಚಿಪ್ ಸೆಲೆಕ್ಟ್. ಪೈ ಬೋರ್ಡಿನಲ್ಲಿ ಎಸ್‌ಪಿಐ ಆನ್ ಮಾಡಿದ ಕೂಡಲೇ 0 ಮತ್ತು 1 ಎರಡನ್ನೂ ‘ಸ್ಪೈಡೆವ್’ ಎಂಬ ಸಾಮಾನ್ಯ ಡ್ರೈವರಿನ ನೋಡ್‌ಗಳು ಆಕ್ರಮಿಸಿರುತ್ತವೆ. ನಿಮ್ಮ ಚಿಪ್‌ನ ನೋಡ್ 0ಗೆ ಬಂದರೆ ‘ಚಿಪ್‌ಸೆಲೆಕ್ಟ್ 0 ಆಲ್ರೆಡಿ ಇನ್ ಯೂಸ್’ ಎಂದು ಹೊರದಬ್ಬಲ್ಪಡುತ್ತದೆ. ಅದೇ ಓವರ್‌ಲೇಯಲ್ಲಿ ಆ ಸ್ಪೈಡೆವ್ ನೋಡ್‌ನ ಸ್ಟೇಟಸ್ ಡಿಸೇಬಲ್ಡ್ ಮಾಡಿ.

ಟ್ರೀಯದೋ ಡ್ರೈವರಿನದೋ ಎಂದು ಬೇರ್ಪಡಿಸುವುದು

ಐ2ಸಿಯಲ್ಲಿ ಟ್ರೀಯನ್ನು ಪೂರ್ತಿ ಬದಿಗಿಟ್ಟು ಪರೀಕ್ಷಿಸುವ ಸೌಕರ್ಯವಿದೆ. ಓವರ್‌ಲೇ ತೆಗೆದು ಬೂಟ್ ಮಾಡಿ, ರೂಟ್ ಆಗಿ ‘ಡಿಎಸ್3231 0ಎಕ್ಸ್68’ ಎಂಬ ಸಾಲನ್ನು ‘/ಸಿಸ್/ಬಸ್/ಐ2ಸಿ/ಡಿವೈಸಸ್/ಐ2ಸಿ-1/ನ್ಯೂ_ಡಿವೈಸ್’ ಫೈಲಿಗೆ ಎಕೋ ಮಾಡಿ. ಗಡಿಯಾರ ಬಂದರೆ ತಂತಿ, ಚಿಪ್, ವಿಳಾಸ, ಡ್ರೈವರ್ ನಾಲ್ಕೂ ಸರಿ, ತಪ್ಪು ಟ್ರೀಯಲ್ಲಿದೆ. ಬರದಿದ್ದರೆ ಟ್ರೀಯನ್ನು ಬೈಯಬೇಕಿಲ್ಲ. ಪರೀಕ್ಷೆ ಮುಗಿದ ಮೇಲೆ ಪಕ್ಕದ ‘ಡಿಲೀಟ್_ಡಿವೈಸ್’ ಫೈಲಿಗೆ ವಿಳಾಸ ಬರೆದು ತೆಗೆಯಿರಿ.

ಟ್ರೀಯಿಂದ ಸಾಧನ ಹುಟ್ಟಿದೆ, ‘/ಸಿಸ್/ಬಸ್/ಐ2ಸಿ/ಡಿವೈಸಸ್/1-0068’ ಫೋಲ್ಡರ್ ಇದೆ, ಆದರೆ ಅದರೊಳಗೆ ‘ಡ್ರೈವರ್’ ಎಂಬ ಕೊಂಡಿ ಇಲ್ಲ ಎಂದಾದರೆ ವಿಳಾಸವನ್ನು ಬಿಟ್ಟು ಮೊದಲು ಕಂಪ್ಯಾಟಿಬಲ್ ಸಾಲಿನ ಕಾಗುಣಿತ ನೋಡಿ. ಡಿಎಸ್3231ರ ಡ್ರೈವರ್ ಹೆಸರು ‘ಆರ್‌ಟಿಸಿ-ಡಿಎಸ್1307’, ಹೆಸರು ಬೇರೆ ಎಂದು ಹುಡುಕುತ್ತಾ ಕೂರಬೇಡಿ. ಮಾಡ್ಯೂಲ್ ಲೋಡ್ ಆಗಿದೆಯೇ ಎಂದು ಎಲ್‌ಎಸ್‌ಮಾಡ್‌ನಲ್ಲಿ ನೋಡಿ. ಅದೂ ಸರಿಯಿದ್ದು ಲಾಗ್ ಮೌನವಾಗಿದ್ದರೆ ಡ್ರೈವರ್ -517 ಹಿಂತಿರುಗಿಸಿ ಕಾಯುತ್ತಿರಬಹುದು. ಅದು ‘ಆಮೇಲೆ ಬರುತ್ತೇನೆ’ ಎಂಬ ಸೂಚನೆ, ಲಾಗ್‌ನಲ್ಲಿ ಸಾಮಾನ್ಯವಾಗಿ ಕಾಣುವುದಿಲ್ಲ. ‘/ಸಿಸ್/ಕರ್ನಲ್/ಡಿಬಗ್/ಡಿವೈಸಸ್_ಡಿಫರ್ಡ್’ ಫೈಲನ್ನು ರೂಟ್ ಆಗಿ ಓದಿ. ಅಲ್ಲಿ 1-0068 ಇದ್ದರೆ ರೆಗ್ಗನ್ನು ಮುಟ್ಟಬೇಡಿ. ಆ ನೋಡ್ ಕೈತೋರಿಸುವ ರೆಗ್ಯುಲೇಟರ್, ಕ್ಲಾಕ್, ಇಂಟರಪ್ಟ್ ನೋಡ್‌ಗಳಲ್ಲಿ ಯಾವುದರ ಡ್ರೈವರ್ ಇನ್ನೂ ಬಂದಿಲ್ಲ ಎಂದು ಹುಡುಕಿ.